ಸಿರುಗುಪ್ಪದ ಅಕ್ಕ ಓದಿದ ಜೀವನಚರಿತ್ರೆಗಳು

ಇಪ್ಪತ್ಮೂರನೆಯ ವಯಸ್ಸಿನಲ್ಲಿ ನನಗೆ ಒಂದು ಕಡೆ ಕೂತು ನೆಮ್ಮದಿಯಿಂದ ಉಣ್ಣುವುದಕ್ಕೂ ಆಗುತ್ತಿರಲಿಲ್ಲ. ಹುಟ್ಟಿದ್ದು ಕುರುಗೋಡಿನಲ್ಲಿ, ಕೆಲಸ ಸಿರುಗುಪ್ಪದ ಬೋರ್ಡ್ ಶಾಲೆಯಲ್ಲಿ, ಜೀವ ಮಾತ್ರ ಬಳ್ಳಾರಿಯಲ್ಲಿ. ವಾರದ ಆರು ದಿನ ಮಕ್ಕಳಿಗೆ ಮಗ್ಗಿ, ಭೂಗೋಳ, ರಾಜರ ವಂಶಾವಳಿ ಹೇಳಿ, ಏಳನೆಯ ದಿನ ಬೆಳಕು ಹರಿಯುತ್ತಲೇ ಬಸ್ಸು ಹಿಡಿಯುತ್ತಿದ್ದೆ. ಯುದ್ಧ ಮುಗಿದು ಮೂರು ನಾಲ್ಕು ವರ್ಷವಾಗಿದ್ದರೂ ಆ ಬಸ್ಸು ಇನ್ನೂ ಇದ್ದಿಲ ಗ್ಯಾಸಿನ ಮೇಲೆಯೇ ಓಡುತ್ತಿತ್ತು. ತೆಕ್ಕಲಕೋಟೆಯಲ್ಲಿ ನಿಂತರೆ ಮತ್ತೆ ಯಾವಾಗ ಹೊರಡುತ್ತದೆಂದು ಹೇಳುವಂತಿರಲಿಲ್ಲ. ಕ್ಲೀನರು ಬಸ್ಸಿನ ಹಿಂದಿನ ಒಲೆಗೆ ಗಾಳಿ ಹಾಕುತ್ತಿದ್ದರೆ ಉಳಿದವರೆಲ್ಲ ಬೇವಿನ ನೆರಳಲ್ಲಿ ಬೀಡಿ ಹಚ್ಚಿ ಕೂರುತ್ತಿದ್ದರು. ನಾನೊಬ್ಬ ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ರಸ್ತೆಯ ಉದ್ದಕ್ಕೂ ಹೋಗುವುದು, ಬರುವುದು, ಹೋಗುವುದು.

ಬಳ್ಳಾರಿಯ ಕೋಟೆ ಗುಡ್ಡದ ಕೆಳಗಿನ ಬೀದಿಯೊಂದರಲ್ಲಿ, ಹಿತ್ತಾಳೆ ಪಾತ್ರೆಯ ಅಂಗಡಿಯ ಮಾಳಿಗೆಯ ಮೇಲೆ, ಒಂದು ಸಣ್ಣ ವಾಚನಾಲಯವಿತ್ತು. ಭಾನುವಾರ ಅಲ್ಲಿ ಎಂಟು ಹತ್ತು ಜನ ಸೇರುತ್ತಿದ್ದೆವು. ಕಥೆ ಕಾದಂಬರಿ ಓದುವವರಿಗೆ ಆ ಕೂಟದಲ್ಲಿ ಜಾಗವಿರಲಿಲ್ಲ. ಚರಿತ್ರೆ ಮತ್ತು ಜೀವನಚರಿತ್ರೆ, ಅಷ್ಟೇ. ಓದಿದವನು ಓದಿದ್ದನ್ನು ಹೇಳಬೇಕು, ಉಳಿದವರು ಜಗಳ ಮಾಡಬೇಕು, ಕೊನೆಗೆ ಆ ಪುಸ್ತಕ ಮುಂದೆ ಯಾರ ಕೈಗೆ ಹೋಗಬೇಕೆಂದು ತೀರ್ಮಾನವಾಗಬೇಕು.

ತೀರ್ಮಾನ ಹೇಳುತ್ತಿದ್ದವರು ಪಂತುಲುಗಾರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ಮನೆಮಾತು ತೆಲುಗು, ಪಾಠ ಹೇಳಿದ್ದು ಇಂಗ್ಲಿಷಿನಲ್ಲಿ, ನಮ್ಮೊಂದಿಗೆ ಆಡುತ್ತಿದ್ದುದು ಎರಡೂ ಬೆರೆತ ಕನ್ನಡ. ವೈದ್ಯರು ನಾಡಿ ಹಿಡಿದು ಔಷಧ ಬರೆದುಕೊಡುವಂತೆ ಅವರು ಮುಖ ನೋಡಿ ಪುಸ್ತಕ ಕೊಡುತ್ತಿದ್ದರು. ಯಾರಾದರೂ ಒಂದು ಸಂಗತಿಯನ್ನು ಗಟ್ಟಿ ದನಿಯಲ್ಲಿ ಹೇಳಿದರೆ ಕನ್ನಡಕ ಹಣೆಗೇರಿಸಿ, "ಎವರು ಚೆಪ್ಪಿನಾರು?" ಎನ್ನುತ್ತಿದ್ದರು. ಯಾರು ಹೇಳಿದ್ದು, ಅವನು ಕಣ್ಣಾರೆ ಕಂಡಿದ್ದನೇ, ಇಲ್ಲ ಇನ್ನೊಬ್ಬನ ಬಾಯಿಂದ ಕೇಳಿದ್ದನೇ? ಇದಕ್ಕೆ ಉತ್ತರವಿಲ್ಲದವನು ಕೂತುಬಿಡಬೇಕು.

ನಾನು ಎಷ್ಟೋ ಸಲ ಕೂತುಬಿಟ್ಟಿದ್ದೇನೆ. ಯಾಕೆಂದರೆ ನಾನು ಓದುತ್ತಿದ್ದ ರೀತಿಯೇ ಹಾಗಿತ್ತು. ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾವ ದೊಡ್ಡ ಮನುಷ್ಯನ ಚರಿತ್ರೆ ಓದಿದರೂ ಅವನು ನನ್ನ ವಯಸ್ಸಿಗೆ ಏನು ಮಾಡಿದ್ದನೆಂದು ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ಒಬ್ಬ ಇಪ್ಪತ್ತಕ್ಕೆ ಪಟ್ಟವೇರಿದ್ದ, ಇನ್ನೊಬ್ಬ ಇಪ್ಪತ್ತೆರಡಕ್ಕೆ ಸಮುದ್ರ ದಾಟಿದ್ದ, ಮತ್ತೊಬ್ಬ ಇಪ್ಪತ್ಮೂರಕ್ಕೆ ಜೈಲಿನಿಂದ ಹೊರಗೆ ಬಂದಿದ್ದ. ನಾನು ಸಿರುಗುಪ್ಪದಲ್ಲಿ ಸೀಮೆಸುಣ್ಣದ ಕಡ್ಡಿ ಹಿಡಿದು ನಿಂತಿದ್ದೆ. ಪುಸ್ತಕ ಮುಗಿಯುವ ಹೊತ್ತಿಗೆ ಎದೆಯಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಆ ಸಂಕಟ ತಾಳಲಾರದೆ ಇನ್ನೊಂದು ಪುಸ್ತಕ ತೆಗೆಯುತ್ತಿದ್ದೆ.

ಸಿರುಗುಪ್ಪದಲ್ಲಿ ಮಾತಾಡುವುದಕ್ಕೆ ಯಾರೂ ಇರಲಿಲ್ಲ. ಒಂದು ದಿನ ಹಿಮ್ಮಡಿಗೆ ಮುಳ್ಳು ಮುರಿದು, ಕೀವಾಗಿ, ಕುಂಟುತ್ತ ಆಸ್ಪತ್ರೆಗೆ ಹೋದೆ. ಕಂಪೌಂಡರು ಇರಲಿಲ್ಲ. ಕಾಲು ತೊಳೆದು ಪಟ್ಟಿ ಕಟ್ಟಿದವರು ಅಲ್ಲಿ ಹೆರಿಗೆ ಮಾಡಿಸುತ್ತಿದ್ದ ಅಕ್ಕ. ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿತ್ತು. ಮೂವತ್ತೈದರ ಆಸುಪಾಸು, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತವರಿನವರ ಮಾತು ಮೀರಿ ಬಳ್ಳಾರಿಯಲ್ಲಿ ತರಬೇತಿ ಪಡೆದವರು. ಸುತ್ತಿನ ಹಳ್ಳಿಗಳಲ್ಲಿ ಅವರ ಕೈಗೆ ಬೀಳದ ಕೂಸು ಕಡಿಮೆ. ಪಟ್ಟಿ ಕಟ್ಟುತ್ತ ನನ್ನ ತೊಡೆಯ ಮೇಲಿದ್ದ ಪುಸ್ತಕದ ಮೇಲೆ ಅವರ ಕಣ್ಣು ಹೋಯಿತು.

"ಏನ್ರಿ ಮೇಸ್ಟ್ರೇ ಅದು, ಪುರಾಣೇನು?"

"ಅಲ್ಲರಿ ಅಕ್ಕಾರ, ಜೀವನಚರಿತ್ರಿ. ಒಬ್ಬ ದಂಡನಾಯಕಂದು."

"ಓದಿದ ಮ್ಯಾಲ ಕೊಡ್ರಿ. ನಮ್ದು ಮುಕ್ಕಾಲು ಪಾಲು ಕಾಯೋ ಕೆಲಸ. ನೋವು ಬಂದು ಹೋಗೋ ನಡುವ ಕೈ ಸುಮ್ಮನ ಇರತಾವ."

ಕೊಟ್ಟೆ. ಐದನೆಯ ದಿನ ಶಾಲೆಯ ಜವಾನನ ಕೈಯಲ್ಲಿ ಪುಸ್ತಕ ವಾಪಸು ಬಂತು. ಸಂಜೆ ನಾನೇ ಆಸ್ಪತ್ರೆಯ ಕಟ್ಟೆಗೆ ಹೋಗಿ, ಹೇಗಿತ್ತೆಂದು ಕೇಳಿದೆ. ಅವರು ಸೊಪ್ಪು ಬಿಡಿಸುತ್ತ ಕೂತಿದ್ದರು.

"ಚಲೋ ಐತಿ. ಆದ್ರ ಒಂದು ಕೇಳ್ತೀನಿ. ಆತ ಹುಟ್ಟಿದಾಗ ಆಕಾಶದಾಗ ಯಾವ ನಕ್ಷತ್ರ ಇತ್ತು, ಜೋಯಿಸ ಏನಂದ, ಆನಿ ಮ್ಯಾಲ ಎಷ್ಟು ಸಕ್ಕರಿ ಹಂಚಿದ್ರು, ಎಲ್ಲಾ ಬರದಾರ. ಹೆತ್ತಾಕಿ ಎಷ್ಟು ತಾಸು ನೋವು ತಿಂದ್ಲು ಅಂತ ಬರದಿಲ್ಲ. ಕೂಸು ಹಿಡದಾಕಿ ಯಾರು ಅಂತನೂ ಬರದಿಲ್ಲ. ಯಾಕ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಸೊಪ್ಪಿನ ದಂಟು ಮುರಿಯುತ್ತಲೇ, "ಹದಿನೇಳನೇ ಪುಟದಾಗ ಇನ್ನೊಂದೈತಿ," ಎಂದರು. "ಹತ್ತು ಸಾವಿರ ದಂಡು ತುಂಬಿದ ಹೊಳಿ ಒಂದೇ ದಿನಕ್ಕ ದಾಟಿತು ಅಂತಾನ. ನಮ್ಮ ಹೊಳ್ಯಾಗ ಒಂದು ಹರಿಗೋಲಿಗೆ ಹತ್ತು ಮಂದಿ ಹಿಡಿತಾರ. ಹೋಗಿ ಬರೋದ್ರಾಗ ಹೊತ್ತು ಏರಿರತೈತಿ. ಆತಗ ಎಷ್ಟು ಹರಿಗೋಲು ಇದ್ದವು? ಹುಟ್ಟು ಹಾಕಿದೋರು ಯಾರು? ಆತ ಹೊಳಿ ನೋಡಿ ಬರದಿಲ್ಲ ಬಿಡ್ರಿ."

ಮುಂದಿನ ಭಾನುವಾರ ಬಸ್ಸಿನಲ್ಲಿ ಮೂರು ತಾಸೂ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ವಾಚನಾಲಯದಲ್ಲಿ ನನ್ನ ಸರದಿ ಬಂದಾಗ ಎದ್ದು ನಿಂತವನು ಹರಿಗೋಲಿನಿಂದಲೇ ಶುರು ಮಾಡಿದೆ. ಒಬ್ಬರು ಹೇಳಿದರು ಎಂದು ಹೇಳುವವನಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಂತುಲುಗಾರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಎರಡು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

"ಭೇಷ್! ಇದಪ್ಪಾ ಓದೋದು ಅಂದ್ರ. ನಿನ್ನ ತಲಿಗೆ ಹೊಳೀತಾ ಇದು?"

"ಹೌದ್ರಿ," ಎಂದೆ.

ಎರಡು ಅಕ್ಷರದ ಮಾತು. ಅದು ಮುಂದಿನ ಒಂದು ವರ್ಷವನ್ನು ನಡೆಸಿತು. ಭಾನುವಾರ ಪುಸ್ತಕ ತರುತ್ತಿದ್ದೆ, ಎರಡು ದಿನದಲ್ಲಿ ಓಡೋಡಿ ಓದಿ ಅಕ್ಕನಿಗೆ ಕೊಡುತ್ತಿದ್ದೆ. ಶನಿವಾರ ಸಂಜೆ ಕಟ್ಟೆಯ ಮೇಲೆ ಕೂತು ಅವರು ಹೇಳಿದ್ದನ್ನೆಲ್ಲ ಕೇಳುತ್ತಿದ್ದೆ. ಮರುದಿನ ಮಾಳಿಗೆಯ ಮೇಲೆ ಅದನ್ನು ನನ್ನದಾಗಿ ಮಾಡಿ ಆಡುತ್ತಿದ್ದೆ. ನಾನು ಬಾಯಿ ತೆರೆದರೆ ಜನ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳತೊಡಗಿದರು. ಅಕ್ಕನಿಗೆ ಕೂಟದ ಸುದ್ದಿ ಹೇಳುತ್ತಿದ್ದೆ. ಯಾರು ಹೇಗೆ ಕೂರುತ್ತಾರೆ, ಪಂತುಲುಗಾರು ಹೇಗೆ ಸಿಟ್ಟಾಗುತ್ತಾರೆ, ಎಲ್ಲವನ್ನೂ. ಅವರ ಮಾತು ಅಲ್ಲಿ ಯಾವ ಹೆಸರಿನಲ್ಲಿ ತಿರುಗುತ್ತಿದೆ ಎಂಬುದೊಂದನ್ನು ಬಿಟ್ಟು. ಹೊರಗೆ ಮೆಚ್ಚುಗೆ ಹೆಚ್ಚಿದಂತೆ ಒಳಗಿನ ಚಡಪಡಿಕೆಯೂ ಹೆಚ್ಚಿತು. ಅದು ಮೊದಲಿನ ಚಡಪಡಿಕೆ ಅಲ್ಲ, ಬೇರೆ ಜಾತಿಯದು.

ಅಕ್ಕ ಕೆಲವು ಪುಸ್ತಕಗಳನ್ನು ಬಹಳ ಮೆಚ್ಚುತ್ತಿದ್ದರು. ನಕಾಶೆ ಬರೆಯುವ ಕೆಲಸಕ್ಕೆ ಅಳತೆಯ ಸರಪಳಿ ಹಿಡಿದು ಸಾವಿರಾರು ಹರದಾರಿ ನಡೆದ ಒಬ್ಬನ ಚರಿತ್ರೆಯನ್ನು ಮೂರು ವಾರ ಇಟ್ಟುಕೊಂಡರು. ಕೊಡುವಾಗ ನನ್ನ ಕೈಗೆ ಹಾಕಿ, "ಇದನ್ನ ಇನ್ನೊಮ್ಮಿ ಓದ್ರಿ ಮೇಸ್ಟ್ರೇ. ನೀವು ಬೆನ್ನಿಗೆ ನಾಯಿ ಬಿದ್ದೋರಂಗ ಓದ್ತೀರಿ. ಆತ ನಡದಾನ, ನೀವೂ ನಡೀರಿ," ಎಂದರು. ನಾನು ಓದಲಿಲ್ಲ. ಓದಿದ್ದೇನೆಂದು ಹೇಳಿದೆ.

ವಾಚನಾಲಯದ ವಾರ್ಷಿಕ ಸಭೆಗೆ ನನ್ನನ್ನೇ ಭಾಷಣಕ್ಕೆ ನಿಲ್ಲಿಸಿದರು. ಊರ ವಕೀಲರು, ಹೈಸ್ಕೂಲಿನ ಮೇಷ್ಟ್ರುಗಳು, ರೈಲ್ವೆಯವರು, ಮಾಳಿಗೆ ತುಂಬಿ ಮೆಟ್ಟಿಲ ತನಕ ಜನ. ಜೀವನಚರಿತ್ರೆ ಓದುವ ಬಗೆ ಎಂಬ ವಿಷಯ. ಇಸ್ತ್ರಿ ಮಾಡಿದ ಕೋಟು ಬೇಡಿ ತಂದು ಹಾಕಿಕೊಂಡಿದ್ದೆ. ದಂಡನಾಯಕನ ಹುಟ್ಟಿನ ಮಾತು ಬಂದಾಗ ದನಿ ಏರಿಸಿ ಹೇಳಿದೆ: "ಮಹಾಪುರುಷನ ಕೀರ್ತಿಯನ್ನು ಬರೆದವರು ಆ ಮಹಾತಾಯಿಯ ತ್ಯಾಗವನ್ನು ಬರೆಯಲಿಲ್ಲ!" ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಬಾಗಿಲ ಕಡೆ ನೋಡಿದೆ. ಮೆಟ್ಟಿಲ ಕೊನೆಯಲ್ಲಿ, ಅಷ್ಟು ಗಂಡಸರ ಹಿಂದೆ, ಬಿಳಿ ಸೀರೆಯ ಸೆರಗು ಹೊದ್ದು ಅಕ್ಕ ನಿಂತಿದ್ದರು.

ಮುಂದಿನ ಕಾಲು ತಾಸು ನಾನು ಏನು ಮಾತಾಡಿದೆನೋ ನೆನಪಿಲ್ಲ. ಬಾಯಿ ಮಾತ್ರ ಆಡುತ್ತಿತ್ತು. ಮುಗಿಸಿ ನೋಡಿದರೆ ಅವರಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಸಿಕ್ಕರು. ತೊಡಕಿನ ಹೆರಿಗೆಯ ಹೆಂಗಸೊಬ್ಬಳನ್ನು ಬೆಳಿಗ್ಗೆ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದರಂತೆ. ಮಧ್ಯಾಹ್ನ ಕೈ ಬಿಡುವಾದಾಗ, ಇಷ್ಟು ದಿನ ಕೇಳಿದ ಮಾಳಿಗೆಯನ್ನು ಒಮ್ಮೆ ನೋಡೋಣವೆಂದು ಹುಡುಕಿಕೊಂಡು ಬಂದರಂತೆ. ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಆ ಬಾಣಂತಿಯ ಸುದ್ದಿ ಹೇಳಿದರು. ತಾಯಿ ಉಳಿದಳು, ಕೂಸು ಹೆಣ್ಣು, ಅತ್ತೆ ಮುಖ ಊದಿಸಿಕೊಂಡಿದ್ದಾಳೆ. ನಾನು ಹೂಂಗುಟ್ಟುತ್ತಿದ್ದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಸಿರುಗುಪ್ಪದಲ್ಲಿ ಇಳಿದು ಚೀಲ ಹೆಗಲಿಗೇರಿಸುವಾಗ ನಿಂತರು.

"ಚಲೋ ಮಾತಾಡಿದ್ರಿ ಮೇಸ್ಟ್ರೇ. ಆದ್ರ ತಪ್ಪು ಹೇಳಿದ್ರಿ. ನಾ ತ್ಯಾಗ ಅಂದಿದ್ದಿಲ್ಲ. ಎಷ್ಟು ತಾಸು ಅಂತ ಕೇಳಿದ್ದೆ."

ಅಷ್ಟು ಹೇಳಿ ಹೋದರು.

ಆಮೇಲೆ ಅವರು ಪುಸ್ತಕ ಕೇಳಲಿಲ್ಲ. ಜವಾನನ ಕೈಯಲ್ಲಿ ಕಳಿಸಿದರೆ, ಬಿಡುವಿಲ್ಲವೆಂದು ಹಾಗೆಯೇ ವಾಪಸು ಬಂತು. ಆಸ್ಪತ್ರೆಯ ಬೀದಿಯನ್ನು ತಪ್ಪಿಸಿ ಸುತ್ತುಹಾಕಿ ಶಾಲೆಗೆ ಹೋಗತೊಡಗಿದೆ. ಮಾಳಿಗೆಗೆ ಹೋದರೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಎರಡು ಭಾನುವಾರ ತಲೆನೋವೆಂದೆ. ಬೇಸಿಗೆ ರಜೆ ಬಂದಾಗ ಕುರುಗೋಡಿಗೆ ಓಡಿದೆ.

ಅಲ್ಲಿಯೂ ನಿಲ್ಲಲಾಗಲಿಲ್ಲ. ಬಿಸಿಲಿನಲ್ಲಿ ಗುಡ್ಡ ಹತ್ತುವುದು, ಇಳಿಯುವುದು, ಬಾವಿಗೆ ಹೋಗುವುದು, ಅರ್ಧ ಈಜಿ ಎದ್ದು ಬರುವುದು. ನಾಲ್ಕು ದಿನ ನೋಡಿ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು.

"ಏನಾಗೈತೋ ತಮ್ಮಾ ನಿಂಗ? ಬಾಲ ಸುಟ್ಟ ಬೆಕ್ಕಿನಂಗ ತಿರಗಾಕ ಹತ್ತೀಯಲ್ಲ."

ಅವ್ವನಿಗೆ ಓದು ಬರದು. ಪುಸ್ತಕ, ಕೂಟ, ಭಾಷಣ ಎಲ್ಲ ಅವಳಿಗೆ ಹೇಗೆ ತಿಳಿದೀತು ಎಂದುಕೊಂಡೇ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ, ಒದ್ದೆ ಬಟ್ಟೆ ಒತ್ತಿದಳು.

"ಆಕಿ ಕೇಳಿದ್ದು ಖರೇ ಐತಿ. ನಿನ್ನ ಹಡಿಯಾಗ ನಂಗ ಎರಡು ದಿನ. ನೀ ಯಾವತ್ತರ ಕೇಳಿದೇನು?" ಎಂದಳು. ಆಮೇಲೆ, "ಮಂದಿ ಮುಂದ ತಗೊಂಡೀ, ಮಂದಿ ಮುಂದನ ಹೇಳು. ಆಕಿ ಮುಂದ ಹೋಗಿ ಕಾಲು ಹಿಡಿದ್ರ ಆಕಿಗೇನು ಬಂತು?"

ನಾನು ಅವಳ ಮೊದಲನೆಯ ಮಾತಿಗೇ ಸಿಕ್ಕಿಬಿದ್ದಿದ್ದೆ. ಎರಡು ದಿನ ಅಂದರೆ ಎಲ್ಲಿ, ಯಾರಿದ್ದರು, ಏನಾಯಿತು? ಆ ಮಧ್ಯಾಹ್ನ ಅವಳು ಹೇಳುತ್ತ ಹೋದಳು, ನಾನು ಮೊದಲ ಸಲ ಜಾಗ ಬಿಟ್ಟು ಏಳದೆ ಕೇಳಿದೆ.

ರಜೆ ಮುಗಿಯುವುದಕ್ಕೆ ಮೊದಲೇ ಬಳ್ಳಾರಿಗೆ ಹೋಗಿ ಪಂತುಲುಗಾರ ಮನೆಯ ಜಗಲಿಯಲ್ಲಿ ನಿಂತು ಎಲ್ಲ ಒಪ್ಪಿಕೊಂಡೆ. ಅವರು ನಗಬಹುದು, ಹೋಗಲಿ ಬಿಡು ಎನ್ನಬಹುದು ಎಂದು ಒಳಗೊಳಗೆ ಆಸೆಯಿತ್ತು. ಅವರ ಮುಖ ಕೆಂಪಾಯಿತು.

"ಏಮಯ್ಯಾ, ಮೂವತ್ತು ವರ್ಷ ನಾನು ಒಂದೇ ಪ್ರಶ್ನೆ ಕಲಿಸಿದ್ದು. ಎವರು ಚೆಪ್ಪಿನಾರು? ಅದಕ್ಕ ನೀನು ನನ್ನ ಮುಖ ನೋಡಿ ಸುಳ್ಳು ಹೇಳ್ದಿ. ರಾಜರ ಆಸ್ಥಾನದಾಗ ಕೂತು ಬರೆದೋನಿಗೂ ನಿನಗೂ ಏನು ಭೇದ? ಆತನಿಗೆ ಹೊಟ್ಟಿಪಾಡಾದ್ರೂ ಇತ್ತು." ಒಳಗೆ ಹೋಗಿ ನೀರು ಕುಡಿದು ಬಂದರು. "ನನ್ನ ತಪ್ಪೂ ಉಂದಿ. ಹೊಳೀತಾ ನಿನಗೆ ಅಂತ ನಾನೇ ಕೇಳಿದೆ. ಕೇಳೋ ರೀತಿ ಅದಲ್ಲ. ಭಾನುವಾರ ಬಾ. ಎದ್ದು ಹೇಳು."

ಹೇಳಿದೆ. ಇಸ್ತ್ರಿಯ ಕೋಟಿಲ್ಲದೆ, ಐದು ನಿಮಿಷದಲ್ಲಿ, ಯಾವ ಮಾತು ಯಾರದೆಂದು ಒಂದೊಂದಾಗಿ. ಸಿರುಗುಪ್ಪದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಒಬ್ಬ ಹೆಂಗಸು ಎಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕೂಟದ ಹಿರಿಯ ವಕೀಲರೊಬ್ಬರು, "ಅಂದ್ರ ವರ್ಷಪೂರ್ತಿ ನಾವು ಸೂಲಗಿತ್ತಿ ಮಾತಿಗೆ ತಲಿ ತೂಗೀವೇನು?" ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ. ವಕೀಲರು ಮೆಟ್ಟಿಲು ಇಳಿಯುವ ತನಕ ಕಾದು ಪಂತುಲುಗಾರು, "ಆ ತಾಯಿನ ಕರಕೊಂಡು ಬಾ," ಎಂದರು.

ಸಿರುಗುಪ್ಪಕ್ಕೆ ಬಂದು ಅಕ್ಕನಿಗೆ ತಿಳಿಸಿದೆ. ಅವರು ಬಟ್ಟೆ ಕುದಿಸುತ್ತಿದ್ದರು. ಹಬೆಯ ಆಚೆಯಿಂದ ಕೇಳಿಸಿಕೊಂಡರು.

"ಈಗ ಏನು ಓದಾಕ ಹತ್ಯಾರ ಅಲ್ಲಿ?" ಎಂದರು.

"ಪರದೇಶದ ಒಬ್ಬ ರಾಣೀದು."

"ಹಂಗಾದ್ರ ಕೊಡ್ರಿ."

ತಿಂಗಳಿಗೊಮ್ಮೆ ಔಷಧ ತರಲು ಅವರು ಬಳ್ಳಾರಿಗೆ ಹೋಗಬೇಕಿತ್ತು. ಶನಿವಾರ ಸಂಜೆ ಹೋಗಿ ತರಬೇತಿಯ ಗೆಳತಿಯೊಬ್ಬರ ಮನೆಯಲ್ಲಿ ಉಳಿದು, ಭಾನುವಾರ ಮಾಳಿಗೆ ಹತ್ತುವುದು ರೂಢಿಯಾಯಿತು. ಮೊದಲ ದಿನವೇ ಪಂತುಲುಗಾರಿಗೂ ಅವರಿಗೂ ಜಗಳ. ರಾಣಿ ಗಟ್ಟಿ ಎದೆಯವಳು, ಮಕ್ಕಳು ಸತ್ತರೂ ಕಣ್ಣೀರು ಹಾಕದೆ ರಾಜ್ಯ ಆಳಿದಳು ಎಂದು ಪಂತುಲುಗಾರು ಹೊಗಳಿದರೆ, ಅಕ್ಕ ಇಲ್ಲವೆಂದು ಗೋಣಾಡಿಸಿದರು. "ಅತ್ತಿರತಾಳ್ರಿ. ಬರಿಯೋನ ಮುಂದ ಅತ್ತಿರಾಕಿಲ್ಲ." ಪಂತುಲುಗಾರು ಮೇಜು ಕುಟ್ಟಿದರು, ಅಕ್ಕ ದನಿ ಏರಿಸಲೇ ಇಲ್ಲ. ಒಂದು ತಾಸು ನಾನು ಬಾಯಿ ತೆರೆಯಲಿಲ್ಲ. ತೆರೆಯಬೇಕೆಂದು ಅನ್ನಿಸಲೂ ಇಲ್ಲ.

ಆ ದಿನಗಳು ಬಹಳ ಉಳಿಯಲಿಲ್ಲ. ಮದರಾಸು ರಾಜ್ಯ ಒಡೆಯುವ ಮಾತು ಎದ್ದಿತು. ಬಳ್ಳಾರಿ ಮೈಸೂರಿಗೋ, ಆಂಧ್ರಕ್ಕೋ? ಹೋಟೆಲು, ಕೋರ್ಟು, ಕಟಿಂಗ್ ಅಂಗಡಿ, ಎಲ್ಲೆಲ್ಲೂ ಅದೇ. ಮಾಳಿಗೆಯ ಮೇಲೂ ಚರಿತ್ರೆಯ ಪುಸ್ತಕಗಳನ್ನು ಓದುವವರು ಕಡಿಮೆಯಾಗಿ ಎತ್ತಿ ತೋರಿಸುವವರು ಹೆಚ್ಚಾದರು. ಒಬ್ಬ ಶಾಸನ ತೋರಿಸಿ ಊರು ನಮ್ಮದೆಂದರೆ ಇನ್ನೊಬ್ಬ ಬೇರೆ ಶಾಸನ ತೋರಿಸುತ್ತಿದ್ದ. ಬೇಕಾದ ಹಾಳೆಗಷ್ಟೇ ಗುರುತು ಇಟ್ಟುಕೊಂಡು ಬರುತ್ತಿದ್ದರು, ಅದರ ಹಿಂದುಮುಂದು ಓದಿರುತ್ತಿರಲಿಲ್ಲ. ನಾನೂ ಕನ್ನಡದ ಕಡೆಗೆ ಕೂಗಿದವನೇ. ಒಂದು ಭಾನುವಾರ ಕೂಗುವ ಭರದಲ್ಲಿ ತಿರುಗಿ ನೋಡಿದರೆ, ಪಂತುಲುಗಾರು ತಮ್ಮ ಕುರ್ಚಿಯಲ್ಲಿ ಕನ್ನಡಕ ಮಡಚಿ ಕೈಯಲ್ಲಿ ಹಿಡಿದು ಕೂತಿದ್ದರು. ಯಾರು ಹೇಳಿದ್ದು ಎಂದು ಅವರು ಯಾರನ್ನೂ ಕೇಳಲಿಲ್ಲ. ನನ್ನ ದನಿ ಅಲ್ಲಿಗೇ ಉಡುಗಿತು.

ಬಳ್ಳಾರಿ ಮೈಸೂರಿಗೆ ಸೇರಿತು. ಬೀದಿಗಳಲ್ಲಿ ತೋರಣ, ಮೆರವಣಿಗೆ. ನಾನೂ ಕುಣಿದೆ. ಎರಡು ತಿಂಗಳಿಗೆ ಪಂತುಲುಗಾರು ಆಂಧ್ರದ ಪಾಲಿಗೆ ಹೋದ ಆದೋನಿಯಲ್ಲಿದ್ದ ಮಗನ ಮನೆಗೆ ಹೊರಟರು. ಯಾರೂ ಅವರನ್ನು ಹೋಗೆಂದಿರಲಿಲ್ಲ. ಅಕ್ಕ ಮತ್ತು ನಾನು ಹೋದಾಗ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು.

"ಯಾಕ ಹೊಂಟೀರಿ?" ಅಕ್ಕ ನೇರವಾಗಿ ಕೇಳಿದರು. "ಯಾರರ ಏನರ ಅಂದ್ರೇನು?"

"ಲೇದಮ್ಮಾ, ಯಾರೂ ಏನೂ ಅಂದಿಲ್ಲ. ಮೊದಲು ಜಗಳ ಆಡ್ತಿದ್ರು. ಈಗ ನಾನು ಬಂದ್ರ ಮರ್ಯಾದಿಯಿಂದ ಮಾತು ನಿಲ್ಲಿಸ್ತಾರ. ಅದು ತಡಕೊಳ್ಳಾಕ ಆಗವಲ್ದು."

ಅಕ್ಕ ಹಗ್ಗದ ಇನ್ನೊಂದು ತುದಿ ಹಿಡಿದು ಎಳೆದರು.

ಆದೋನಿಯಿಂದ ಕಾರ್ಡುಗಳು ಬರುತ್ತಿದ್ದವು. ಭಾಷೆ ಕನ್ನಡ, ಲಿಪಿ ತೆಲುಗು. ಕೈಗೆ ರೂಢಿಯಾದದ್ದು ಅದು. ಯಾವ ಪುಸ್ತಕ ಬಂದಿದೆ, ಅದರಲ್ಲಿ ಎಷ್ಟನೆಯ ಅಧ್ಯಾಯ ಓದಬೇಕು, ಎಲ್ಲಿ ಲೇಖಕ ಜಾರಿಕೊಂಡಿದ್ದಾನೆ, ಎಲ್ಲ ಸಣ್ಣ ಅಕ್ಷರದಲ್ಲಿ. ಕೂಟ ಕರಗಿಹೋಗಿತ್ತು. ಸಿರುಗುಪ್ಪದ ಆಸ್ಪತ್ರೆಯ ಕಟ್ಟೆಯ ಮೇಲೆ ನಾವಿಬ್ಬರೇ ಉಳಿದಿದ್ದೆವು. ಒಂದು ಸಲ ಪುಸ್ತಕವನ್ನೇ ಅಂಚೆಯಲ್ಲಿ ಕಳಿಸಿದರು. ಅಕ್ಕನನ್ನು ಅವರು ಅಮ್ಮ ಎನ್ನುತ್ತಿದ್ದರು. ಒಳಗೆ ಚೀಟಿ: "ಮೊದಲು ಅಮ್ಮ ಓದಲಿ. ಆಮೇಲೆ ನೀನು."

ಶಾಲೆ ಬಿಟ್ಟವನೇ ಪೊಟ್ಟಣ ಹಿಡಿದು ಆಸ್ಪತ್ರೆಗೆ ಓಡಿದೆ. ಅಕ್ಕ ಹಚ್ಚೊಳ್ಳಿಗೆ ಹೆರಿಗೆಗೆ ಹೋಗಿದ್ದರು. ಕಟ್ಟೆಯ ಮೇಲೆ ಕೂತೆ, ಎದ್ದೆ, ಬಾಗಿಲ ತನಕ ಹೋಗಿ ಬಂದೆ. ಕಾಗದ ಹೇಗೂ ಬಿಚ್ಚಿತ್ತು. ಮೊದಲ ಹಾಳೆಯನ್ನಷ್ಟೇ ನೋಡಿದರೇನು ಎಂದು ತೆರೆದೆ. ಹೊತ್ತು ಇಳಿಯುವಾಗ ಬಂಡಿ ಬಂದು ನಿಂತಿತು. ಅಕ್ಕ ಇಳಿದು, ಕೈಕಾಲು ತೊಳೆದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನ ತೊಡೆಯ ಮೇಲಿನ ಪುಸ್ತಕ ನೋಡಿದರು.

"ಎಷ್ಟು ಓದಿದ್ರಿ?"

"ನಾಕು ಪುಟ," ಎಂದೆ.

ಪುಸ್ತಕ ತೆಗೆದುಕೊಂಡು ಪಕ್ಕದಲ್ಲಿ ಕೂತರು. ನಾನು ಏನೋ ಹೇಳಹೊರಟೆ.

"ಹೇಳಬ್ಯಾಡ್ರಿ," ಎಂದು ಮೊದಲ ಹಾಳೆ ತಿರುವಿದರು.